ನೀರಗಂಟಿಯ ಬಾಗಿಲು

ಈ ಊರಿಗೆ ಬಂದ ಮೊದಲ ದಿನ ನನ್ನ ಹೆಂಡತಿ ಗಂಗಮಾಳಿ, ನಮ್ಮ ಮನೆಯ ಬಾಗಿಲು ಮಾಡಿದ ಬಡಗಿಯನ್ನು ಬೈದಳು. ಬಡಗಿ ಯಾರೋ, ಇದ್ದನೋ ಸತ್ತಿದ್ದನೋ ನಮಗೆ ಗೊತ್ತಿರಲಿಲ್ಲ. ಮೂರು ದಿನ ಹಡಗಿನಲ್ಲಿ ಹೊಟ್ಟೆ ತೊಳಸಿಕೊಂಡು ಬಂದು, ಗುಡ್ಡದ ಓರೆಯ ಮೆಟ್ಟಿಲು ಹತ್ತಿ, ಟ್ರಂಕು ಇಳಿಸಿ, ಬಾಗಿಲು ಹಾಕಿ ಚಿಲಕ ಸರಿಸಿ ಬೆನ್ನು ತಿರುಗಿಸಿದ್ದಷ್ಟೆ. ಚಿಲಕ ತಾನಾಗಿ ಹಿಂದೆ ಸರಿಯಿತು. ಬಾಗಿಲು ನೆಂಟರನ್ನು ಬರಮಾಡಿಕೊಳ್ಳುವ ಹಾಗೆ ಮೆಲ್ಲಗೆ ತೆರೆದುಕೊಂಡಿತು. ಮತ್ತೆ ಹಾಕಿದೆ, ಮತ್ತೆ ತೆರೆಯಿತು. ಗುಂಡುಕಲ್ಲು ಒರಗಿಸಿದರೆ ಕಲ್ಲು ಉರುಳಿಕೊಂಡು ಮೂಲೆಗೆ ಹೋಗಿ ಕೂತಿತು. ಹಗ್ಗ ಹಾಕಿ ಎತ್ತು ಕಟ್ಟುವ ಗಂಟು ಹಾಕಿದರೆ ಗಂಟು ನಮ್ಮ ಕಣ್ಣೆದುರೇ ಬಿಚ್ಚಿಕೊಂಡಿತು.

"ಥೂ ಅವನ ಕೈ ಸೇದೋಗ. ಇಂಥಾ ಬಾಗ್ಲು ಮಾಡಿ ಅದ್ಯಾವ ಮುಖ ಇಟ್ಕಂಡು ಕೂಲಿ ಈಸ್ಕಂಡ್ನೋ" ಎಂದು ಅವಳು ಟ್ರಂಕಿನ ಮೇಲೆ ಕೂತುಬಿಟ್ಟಳು.

ನಾವು ಯಾರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಗ್ಯಾತಪ್ಪ. ಮೂವತ್ತೊಂದು ವರ್ಷ ಒಂದೇ ಕೆರೆಯ ನೀರಗಂಟಿಯಾಗಿದ್ದೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡುವುದು ನನ್ನ ಕೆಲಸ ಎಂದರೆ ಅರ್ಧ ಹೇಳಿದಂತೆ. ಉಳಿದರ್ಧ ಜಗಳ ಬಿಡಿಸುವುದು. ನೀರು ಇರುವ ಕಡೆ ಗುದ್ದಲಿ ಇರುತ್ತದೆ, ಗುದ್ದಲಿ ಇರುವ ಕಡೆ ತಲೆ ಒಡೆಯುತ್ತದೆ. ಗುದ್ದಲಿ ಮೇಲೆದ್ದದ್ದು ಕೆಳಗೆ ಬೀಳುವುದರೊಳಗೆ ನಾನು ನಡುವೆ ನಿಂತು, "ತಪ್ಪು ನಂದು ಕಣ್ರಪ್ಪ, ನನ್ನ ಬೈಯ್ರಿ" ಎನ್ನುತ್ತಿದ್ದೆ. ಹಾಗೆ ಹೇಳಿ ಹೇಳಿ ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಮನೆ ಮಾಡಿಕೊಂಡುಬಿಟ್ಟಿತು. ಹನ್ನೊಂದು ಹಳ್ಳಿಗಳಲ್ಲಿ ನನ್ನ ಮೇಲೆ ಸಿಟ್ಟಿದ್ದವನು ಒಬ್ಬನೂ ಇರಲಿಲ್ಲ. ಅದೊಂದು ಹೆಮ್ಮೆ ನನಗಿತ್ತು.

ಮಕ್ಕಳಿಲ್ಲ. ಇದ್ದದ್ದು ಕೆರೆ ಏರಿಯ ಕೆಳಗಿನ ಇಲಾಖೆ ಕ್ವಾಟ್ರಸ್ಸು, ನಿವೃತ್ತಿಯಾದ ತಿಂಗಳೇ ಬಿಡಬೇಕಾಯಿತು. ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಮಹಡಿಯಲ್ಲಿ ಒಬ್ಬ ಏಜೆಂಟನಿದ್ದ. ಬೋರ್ಡಿನ ಮೇಲೆ 'ಕಡಿಮೆ ಖರ್ಚಿನಲ್ಲಿ ಪರದೇಶದಲ್ಲಿ ಕಾಯಂ ವಾಸ' ಎಂದು ಬರೆಸಿದ್ದ. ಗಂಗಮಾಳಿ ಬಸ್ಸು ಕಾಯುತ್ತಾ ಕಾಯುತ್ತಾ ಅದನ್ನು ಒಂದು ವರ್ಷ ಓದಿದ್ದಳು. "ಹುಟ್ಟಿದಾಗ್ಲಿಂದ ಯಾರ್ದೋ ಬಾಗ್ಲಾಗೆ ಬದುಕಿದೀವಿ. ಒಂದ್ ಬಾಗ್ಲು ನಂದು ಅಂತ ಹಾಕ್ಕಂಡು, ಒಳಗೆ ಕಾಲು ಚಾಚ್ಕಂಡು ಕೂತ್ಕಬೇಕು. ಎಲ್ಲಾದ್ರೂ ಸೈ" ಎಂದಳು. ಏಜೆಂಟ್ ನನ್ನ ಪಿಂಚಣಿ ಪುಸ್ತಕ ನೋಡಿ, ಊರುಗಳ ಪಟ್ಟಿಯ ಮೇಲೆ ಬೆರಳಿಟ್ಟು, ಬೆರಳನ್ನು ಇಳಿಸುತ್ತಾ ಇಳಿಸುತ್ತಾ ಪುಟದ ತಳಕ್ಕೆ ಬಂದ. ಕೊನೆಯ ಸಾಲಿನಲ್ಲಿ ಈ ಊರಿತ್ತು. "ಒಂದೇ ಷರತ್ತು. ಒಂದು ವರ್ಷದೊಳಗೆ ನಿಮ್ಮನೆ ಬಾಗಿಲು ಮುಚ್ಚಿ ನಿಲ್ಲಬೇಕು, ಇಲ್ಲದಿದ್ರೆ ವಾಪಸ್ ಹಡಗು" ಎಂದ. ಬಾಗಿಲು ಮುಚ್ಚುವುದೇನು ದೊಡ್ಡ ವಿದ್ಯೆಯೇ ಎಂದು ನಾವು ಸಹಿ ಹಾಕಿ ಬಂದೆವು.

ಮಾರನೆಯ ಬೆಳಿಗ್ಗೆ ಗಂಗಮಾಳಿ ಸ್ನಾನಕ್ಕೆ ಕೂತಿದ್ದಾಗ, ತೆರೆದ ಬಾಗಿಲಿನಿಂದ ಮೇಲಿನ ಮನೆಯ ಮುದುಕಿ ಒಳಗೆ ಬಂದಳು. ಹೆಸರು ತಲೂನಿ. ಎಪ್ಪತ್ತೈದು ದಾಟಿದ, ಹುರಿಗಾಳಿನಂತೆ ಒಣಗಿದ ಜೀವ. (ಈ ಊರಿನವರ ಮಾತನ್ನು ನಾನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ, ಬೇರೆ ದಾರಿ ನನಗೆ ಗೊತ್ತಿಲ್ಲ.) ಅವಳು ಬಾಗಿಲನ್ನು ಒಮ್ಮೆ ತಳ್ಳಿ, ಅದು ತೆರೆದುಕೊಳ್ಳುವುದನ್ನು ನೋಡಿ, ಲೊಚಗುಟ್ಟಿದಳು.

"ಪಾಪ, ನಿಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ."

"ಯಾಕೆ ಸಿಟ್ಟಾಗ್ತಾರವ್ವ? ನಿನ್ನೆ ಬಂದೋರು ನಾವು" ಎಂದೆ.

"ಅದೇ ಮತ್ತೆ. ಊರಲ್ಲಿ ಒಬ್ಬರಿಗಾದರೂ ನಿಮ್ಮ ಮೇಲೆ ನಿಜವಾದ ಸಿಟ್ಟಿರಬೇಕು. ಆಗ ಬಾಗಿಲು ನಿಲ್ಲುತ್ತೆ. ಬಂದುಹೋಗೋ ಜನದ ಮೇಲೆ ಯಾರು ಸಿಟ್ಟು ಮಾಡ್ಕೋತಾರೆ? ಇರೋರ ಮೇಲೆ ತಾನೆ?" ಎಂದು, ತಂದಿದ್ದ ರೊಟ್ಟಿ ಇಟ್ಟು, ಒಳಗಿನಿಂದ ಕಿರುಚುತ್ತಿದ್ದ ಗಂಗಮಾಳಿಗೆ ಟವಲ್ಲು ಕೊಟ್ಟು ಹೋದಳು.

ದಿನ ಕಳೆದಂತೆ ಊರಿನ ರೀತಿ ಗೊತ್ತಾಯಿತು. ಇಲ್ಲಿ ಜಗಳವನ್ನು ಹಸು ಸಾಕಿದ ಹಾಗೆ ಸಾಕುತ್ತಾರೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಪಾತ್ರೆಪಡಗದ ಜೊತೆ ತಮ್ಮ ಮನೆಯ ಹಳೆಯ ಜಗಳವೊಂದನ್ನು ಹುಡುಗಿಗೆ ವಹಿಸಿಕೊಡುತ್ತಾರೆ, ಹೊಸ ಸಂಸಾರದ ಬಾಗಿಲು ಮೊದಲ ದಿನವೇ ನಿಲ್ಲಬೇಕಲ್ಲ. ತಮ್ಮ ಜೊತೆ ಜಗಳವಾಡುವವನು ಕಾಯಿಲೆ ಬಿದ್ದರೆ ಅವನ ಹೊಸ್ತಿಲಲ್ಲಿ ನಿಂತು ನಾಲ್ಕು ಮಾತು ಬೈದು, ಆಮೇಲೆ ಒಳಗೆ ಹೋಗಿ ಹಣ್ಣು ಇಟ್ಟು ಬರುತ್ತಾರೆ. ಅವನು ಸತ್ತರಂತೂ ತಮ್ಮ ಮನೆಯವರು ಸತ್ತಷ್ಟೇ ಅಳುತ್ತಾರೆ. ನಮ್ಮ ಬೀದಿಯಲ್ಲಿ ಮೀನು ಒಣಗಿಸುವ ಬರೇಕನೆಂಬವನಿಗೆ ಐದು ಜಗಳಗಳಿದ್ದವು. ಅವನು ಅನುಕೂಲಸ್ಥ. ತಲೂನಿಗೆ ಇದ್ದದ್ದು ಒಂದೇ, ಅದೂ ಇದೇ ಬರೇಕನ ಜೊತೆ, ಅವನಪ್ಪನ ಕಾಲದಿಂದ ಬಂದದ್ದು.

ನಾಲ್ಕು ತಿಂಗಳಿಗೊಮ್ಮೆ ಮೊಸಾಯ ಎಂಬ ಅಧಿಕಾರಿ ಬಾಗಿಲು ನೋಡಲು ಬರುತ್ತಿದ್ದ. ಊರಲ್ಲಿ ಹುಟ್ಟಿದವರಿಗೂ ಬಂದವರಿಗೂ ಒಂದೇ ಕಾನೂನು. ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ನೂರರವರೆಗೆ ಎಣಿಸುತ್ತಾನೆ. ಮೊದಲ ಸಲ ನಮ್ಮ ಮನೆಯಲ್ಲಿ ಅವನು ಮೂರು ಎನ್ನುವಷ್ಟರಲ್ಲಿ ಬಾಗಿಲು ತೆರೆದು, ಬೀದಿಯ ಒಂದು ಮೇಕೆ ಒಳಗೆ ಬಂದು ಅವನ ಕಾಗದ ತಿಂದಿತು.

"ಮನಸ್ಸಿಟ್ಟು ಪ್ರಯತ್ನ ಮಾಡಿ, ಗ್ಯಾತಪ್ಪನೋರೇ. ಜನ ನಿಮ್ಮನ್ನ ತುಂಬಾ ಹೊಗಳ್ತಾ ಇದ್ದಾರೆ. ನನಗೆ ಭಯ ಆಗ್ತಿದೆ" ಎಂದ.

ಪ್ರಯತ್ನ ಮಾಡಿದೆವು. ನಮ್ಮ ಕಸವನ್ನು ಎದುರು ಮನೆಯ ಮುಂದೆ ಸುರಿದೆ. ಆ ಮನೆಯಾಕೆ, "ಹೊಸಬರು, ತಿಪ್ಪೆ ಎಲ್ಲಿದೆ ಅಂತ ಯಾರೂ ಹೇಳಿಲ್ಲ ಪಾಪ" ಎಂದು ತಾನೇ ಗುಡಿಸಿದಳು. ಒಬ್ಬನ ಸುತ್ತಿಗೆ ಈಸಿಕೊಂಡು ತಿಂಗಳಾದರೂ ಕೊಡಲಿಲ್ಲ. ಅವನು ಬಂದಾಗ ನನ್ನ ಎದೆ ಆಸೆಯಿಂದ ಹೊಡೆದುಕೊಂಡಿತು. "ಅಣ್ಣಾ, ಸುತ್ತಿಗೆ ಇಟ್ಕೊಂಡೆ, ಮೊಳೆ ಬೇಡವಾ?" ಎಂದು ಒಂದು ಡಬ್ಬಿ ಮೊಳೆ ಕೊಟ್ಟುಹೋದ. ಕೊನೆಗೆ ಬರೇಕನನ್ನೇ ಕೇಳಿಕೊಂಡೆ. ಅವನು ಉದಾರಿ. "ಐದು ಸಾಕಿದೀನಿ, ಆರನೇದು ಭಾರವೇ? ಬಾ" ಎಂದು ಬೀದಿಯ ನಡುವೆ ನಿಲ್ಲಿಸಿಕೊಂಡು ಶುರುಮಾಡಿದ.

"ಏನಯ್ಯ ನಿನ್ನ ನಡಿಗೆ? ಕೆಸರಲ್ಲಿ ಸಿಕ್ಕಿಕೊಂಡ ಬಾತುಕೋಳಿ ಥರ!"

"ನಿಜ ತಮ್ಮಾ, ಗದ್ದೆ ಬದುವಿನ ಮೇಲೆ ನಡೆದೂ ನಡೆದೂ ಹಂಗಾಗೈತೆ."

"ನೀನು ಬಂದಮೇಲೆ ಬೀದಿಯೆಲ್ಲ ನಿನ್ನ ಒಗ್ಗರಣೆ ಘಾಟು!"

"ಹೌದಲ್ವಾ? ತಪ್ಪು ನಂದು. ನಾಳೆಯಿಂದ ಮೆಣಸಿನಕಾಯಿ ಕಡಿಮೆ ಹಾಕಿಸ್ತೀನಿ."

ಬರೇಕ ತಲೆಯ ಮೇಲಿನ ಬಟ್ಟೆ ಕಿತ್ತು ನೆಲಕ್ಕೆ ಬಡಿದ. "ಬೈಸಿಕೊಳ್ಳೋಕೂ ಒಂದು ಯೋಗ್ಯತೆ ಬೇಕಣ್ಣ! ನಿನ್ನನ್ನ ಬೈಯೋದೂ ಒಂದೇ, ಹತ್ತಿಗೆ ಗುದ್ದೋದೂ ಒಂದೇ." ಅವತ್ತು ಬಾಗಿಲು ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ಯೋಚಿಸಿ, ಆಮೇಲೆ ತೆರೆದುಕೊಂಡಿತು.

ಎರಡನೆಯ ಸಲವೂ ಮೊಸಾಯ ಬಂದು ತಲೆಯಾಡಿಸಿ ಹೋದ. ಉಳಿದದ್ದು ಒಂದೇ ಸರದಿ. ಅಂದು ಗಂಗಮಾಳಿ ನನ್ನ ಮೇಲೆ ಹರಿಹಾಯ್ದಳು. ಮನೆಯೊಳಗಿನ ಜಗಳ ಬಾಗಿಲಿಗೆ ಲೆಕ್ಕಕ್ಕಿಲ್ಲ, ಅದು ಅವಳಿಗೂ ಗೊತ್ತಿತ್ತು. ಬಾಗಿಲಿಗಾಗಿ ಆಡಿದ ಜಗಳವಲ್ಲ ಅದು.

"ಮೂವತ್ತೊಂದ್ ವರ್ಷ ಊರಿಗೆಲ್ಲ ನೀರ್ ಹಂಚ್ದೆ. ನಮ್ಮ ಹಿತ್ತಲ ಪಕ್ಕದಾಗೇ ಕಾಲುವೆ ಹೋಗದು. ನನ್ನ ಸೊಪ್ಪಿನ ಮಡಿಗೆ ಒಂದ್ ದಿನ ಒಂದ್ ಬೊಗಸೆ ಬಿಟ್ಟಿದ್ಯಾ? ಕೇಳಿದ್ರೆ, ನೀರಗಂಟಿ ಹೆಂಡ್ತಿಗೆ ಸರದಿ ಇಲ್ಲ ಅಂದೆ. ನಾನು ಬಾವಿಯಿಂದ ಹೊತ್ತೆ. ಇಲ್ಲೂ ಹೊರ್ತಿದೀನಿ, ಕೆಳಗಿನ ನಲ್ಲಿಯಿಂದ ಅರವತ್ತು ಮೆಟ್ಲು. ಯಾರಿಗೂ ಕೆಟ್ಟೋನಾಗಬಾರ್ದು ನೀನು. ಅದಕ್ಕೆ ನಂಗೊಬ್ಬಳಿಗೆ ಕೆಟ್ಟೋನಾದೆ!"

ನನ್ನ ನಾಲಿಗೆ ಅಭ್ಯಾಸಬಲದಿಂದ, "ತಪ್ಪು ನಂದು ಕಣೆ" ಎಂದಿತು.

"ಬ್ಯಾಡ! ಆ ಮಾತೊಂದು ಬ್ಯಾಡ!" ಎಂದು ಅವಳು ಎರಡು ಕಿವಿಯನ್ನೂ ಮುಚ್ಚಿಕೊಂಡಳು.

ಮನೆಯ ಹಿಂದೆ ಅವಳು ಎರಡು ಮಡಿ ಮಾಡಿದ್ದಳು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದ ದಂಟು, ಕೊತ್ತಂಬರಿ, ನಾಲ್ಕು ಅವರೆ ಬೀಜ. ಬಿಸಿಲಿಗೆ ಅವು ಬದುಕಿಯೂ ಬದುಕದ ಹಾಗೆ ನಿಂತಿದ್ದವು. ಗುಡ್ಡದ ಮೇಲಿನ ಒರತೆಯಿಂದ ದಿನಾ ಬೆಳಿಗ್ಗೆ ಎರಡು ಗಂಟೆ ಹೊತ್ತು ನೀರು ಇಳಿದು ಬರುತ್ತಿತ್ತು. ಆದರೆ ಅದು ನಮ್ಮ ಮೇಲಿನ ಮನೆಗಳದು. ತಲೂನಿಗೂ ಬರೇಕನಿಗೂ ಇದ್ದ ಜಗಳವೇ ಆ ನೀರಿನದು. ಅವಳು ಕೋಸಿನ ಮಡಿಗೆ ತಿರುಗಿಸುವುದು, ಅವನು ಮೀನು ತೊಳೆಯುವ ತೊಟ್ಟಿಗೆ ತಿರುಗಿಸುವುದು, ಇಬ್ಬರೂ ಬೈದಾಡುವುದು, ಅಷ್ಟರಲ್ಲಿ ನೀರು ಎರಡೂ ಕಡೆ ಹೋಗದೆ ಮೆಟ್ಟಿಲ ಮೇಲೆ ಹರಿದು ಪೋಲಾಗುವುದು.

ನೀರು ಪೋಲಾಗುವುದನ್ನು ಎಷ್ಟು ದಿನ ನೋಡಿಕೊಂಡಿರಲಿ? ಮೂರನೆಯ ತಪಾಸಣೆಗೆ ಎರಡು ದಿನವಿತ್ತು. ಅವರಿಬ್ಬರೂ ಸಂತೆಗೆ ಹೋಗಿದ್ದರು. ಸುಮ್ಮನೆ ಕೂತರೆ ವಾಪಸ್ ಹಡಗಿನ ಯೋಚನೆ ಬರುತ್ತದೆಂದು ನಾನು ಗುದ್ದಲಿ ತೆಗೆದುಕೊಂಡು ಹೋದೆ. ಹದವಾಗಿ ಕಾಲುವೆ ಕಡಿದು, ನಡುವೆ ಒಂದು ಕಲ್ಲು ನೆಟ್ಟೆ, ನಮ್ಮ ಕಡೆ ನಾಲೆ ಕವಲೊಡೆಯುವಲ್ಲಿ ನೆಡುವ ಹಾಗೆ. ಮಾರನೆಯ ಬೆಳಿಗ್ಗೆ ನೀರು ಬಂದು ಕಲ್ಲಿಗೆ ತಾಗಿ, ಅರ್ಧ ಅತ್ತ, ಅರ್ಧ ಇತ್ತ, ಒಂದು ಹನಿ ಹೆಚ್ಚುಕಡಿಮೆಯಿಲ್ಲದೆ ಹರಿಯಿತು. ಬರೇಕ ತೊಟ್ಟಿ ತುಂಬಿದ್ದು ನೋಡಿ, "ಭಲೇ!" ಎಂದ. ತಲೂನಿ ತನ್ನ ಕೋಸುಗಳನ್ನು ನೋಡಿ ಕಣ್ಣು ಒರೆಸಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಕ್ಕರು.

ತಲೂನಿಯ ಮನೆಯ ಬಾಗಿಲು ಕಿರ್ರೆಂದು ತೆರೆದುಕೊಂಡಿತು.

ಅವಳು ಹೋಗಿ ಮುಚ್ಚಿದಳು. ತೆರೆಯಿತು. ಬೆನ್ನು ಕೊಟ್ಟು ಒತ್ತಿ ನಿಂತಳು. ಬಾಗಿಲು ಅವಳನ್ನು ಮಗುವನ್ನು ಸರಿಸಿದಂತೆ ಮೆಲ್ಲಗೆ ಪಕ್ಕಕ್ಕೆ ಸರಿಸಿ ತೆರೆದುಕೊಂಡಿತು. ಆಮೇಲೆ ಅವಳು ನಮ್ಮ ಮನೆಗೆ ನುಗ್ಗಿದ ರಭಸಕ್ಕೆ ನಾನು ಹಿಂದೆ ಸರಿದೆ.

"ಇದ್ದದ್ದು ಒಂದು! ನಮ್ಮಪ್ಪ ಸಾಯೋವಾಗ ಕೈಲಿಟ್ಟು ಹೋದದ್ದು! ಎಣ್ಣೆ ಹಾಕಿ ದೀಪ ಕಾದ ಹಾಗೆ ಕಾದಿದ್ದೆ! ಯಾರು ಕೇಳಿದರಯ್ಯ ನಿನ್ನ? ಹುಟ್ಟಿದ ಊರಲ್ಲಿ ನನ್ನನ್ನ ಪರದೇಶಿ ಮಾಡಿದೆಯಲ್ಲೋ!"

ಅವಳ ಬೆನ್ನ ಹಿಂದೆ ನಮ್ಮ ಬಾಗಿಲು ಮುಚ್ಚಿಕೊಂಡಿತು. ಚಿಲಕ ತಾನಾಗಿ ಬಿತ್ತು. ಗಂಗಮಾಳಿ ಬಾಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿ, ತಲೆಯನ್ನು ಅತ್ತಿತ್ತ ಆಡಿಸಿ, ಕಣ್ಣಲ್ಲೇ, "ಮಾತಾಡ್ಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ನಾನೂ ತುಟಿ ಕಚ್ಚಿಕೊಂಡೆ. ಆದರೆ ಮುದುಕಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನನಗೆ ಗೊತ್ತಾಗುವುದರೊಳಗೆ ನಾನು ಅವಳ ಪಾದ ಹಿಡಿದಿದ್ದೆ.

"ತಪ್ಪು ನಂದವ್ವ."

ತಲೂನಿ ಮೂಗು ಸೀಟಿಕೊಂಡು, ನನ್ನ ತಲೆ ಸವರಿದಳು. "ಏಳಪ್ಪ, ಏಳು. ಒಳ್ಳೇದು ಮಾಡೋಕೆ ಹೋದೆ ನೀನು. ನಿನ್ನ ಮೇಲೆ ಹೆಂಗೆ ಸಿಟ್ಟು ಮಾಡಲಿ."

ಚಿಲಕ ಸರಿಯಿತು. ನಮ್ಮ ಬಾಗಿಲು ತೆರೆಯಿತು. ಗಂಗಮಾಳಿ ಹಣೆ ಚಚ್ಚಿಕೊಂಡಳು. "ಮುಚ್ಚಿತ್ತಲ್ಲೋ ನನ್ನಪ್ಪಾ! ಗಟ್ಟಿಯಾಗಿ ಮುಚ್ಚಿತ್ತಲ್ಲೋ!"

ಅಂದು ಸಂಜೆ ಇಬ್ಬರು ಹೆಂಗಸರೂ ನಮ್ಮ ಹೊಸ್ತಿಲ ಮೇಲೆ ಕೂತು ಟೀ ಕುಡಿದರು. ಎರಡೂ ಮನೆಗಳ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಬರೇಕನನ್ನು ಕರೆದು, "ಏನಾದರೂ ಅನ್ನಪ್ಪ, ಹಳೇ ಸ್ನೇಹಕ್ಕೆ" ಎಂದು ತಲೂನಿ ಬೇಡಿಕೊಂಡಳು. "ಏನಂತ ಅನ್ನಲಿ ಚಿಕ್ಕಮ್ಮ? ತೊಟ್ಟಿ ತುಂಬಿದೆ" ಎಂದು ಅವನು ಕೈ ಹಿಸುಕಿಕೊಂಡ. ಮೊಸಾಯ ನಾಳೆ ಬರುವವನಿದ್ದ. ತಲೂನಿ ಹಡಗಿನಲ್ಲಿ ತಲೆಸುತ್ತು ಬರುತ್ತದೆಯೇ ಎಂದು ಗಂಗಮಾಳಿಯನ್ನು ಕೇಳಿದಳು. ನಾನು ಟೀ ಲೋಟ ಹಾಗೇ ಇಟ್ಟು ಎದ್ದುಹೋದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಟ್ರಂಕು ಕಟ್ಟಿಯಾಗಿತ್ತು. ಗಂಗಮಾಳಿ ಹಿಂದೆ ಮಡಿಯ ಹತ್ತಿರ ಕೂತಿದ್ದಳು. ಕೆಳಗಿನಿಂದ ನಾಲ್ಕು ಸಲ ಹೊತ್ತು ತಂದಿದ್ದಳೆಂದು ಕಾಣುತ್ತದೆ, ಸೀರೆಯ ಒಂದು ಮಗ್ಗುಲು ಒದ್ದೆಯಾಗಿತ್ತು. ಕೊನೆಯ ಕೊಡದ ನೀರನ್ನು ಅಂಗೈಯಲ್ಲಿ ತೆಗೆದು ತೆಗೆದು ಒಂದೊಂದು ಗಿಡದ ಬುಡಕ್ಕೂ ಬಿಡುತ್ತಿದ್ದಳು.

"ಹೋಗದು ಹೋಗ್ತೀವಿ. ಒಂದ್ ದಿನಾನಾದ್ರೂ ಹೊಟ್ಟೆ ತುಂಬಾ ಕುಡೀಲಿ" ಎಂದಳು, ತಿರುಗದೆ. ನನಗೆ ಹೇಳಿದಳೋ, ದಂಟಿಗೆ ಹೇಳಿದಳೋ.

ಮೇಲೆ ಒರತೆಯ ನೀರು ಬಿಟ್ಟ ಸದ್ದು ಕೇಳಿತು. ಕಲ್ಲಿಗೆ ತಾಗಿ ಎರಡಾಗುವ ಸದ್ದು, ನನಗೆ ಅದು ಚೆನ್ನಾಗಿ ಗೊತ್ತು. ನಾನು ಗುದ್ದಲಿ ತೆಗೆದುಕೊಂಡು ಮೇಲೆ ಹೋದೆ. ಆಗ ಬಾಗಿಲಿನ ನೆನಪು ನನಗಿರಲಿಲ್ಲ. ಯಾರು ನಂಬಿದರೂ ಬಿಟ್ಟರೂ ಇದು ನಿಜ. ಆ ಒದ್ದೆ ಸೀರೆಯ ಮಗ್ಗುಲೊಂದೇ ಕಣ್ಣಲ್ಲಿತ್ತು. ತಲೂನಿಯ ಪಾಲಿನ ಬದುವನ್ನು ಎರಡು ಏಟಿಗೆ ಒಡೆದೆ. ಕೋಸಿನ ಮಡಿಯ ಬಾಯಿಗೆ ಮಣ್ಣು ಕೊಟ್ಟೆ. ನೀರು ಒಂದು ಕ್ಷಣ ತಬ್ಬಿಬ್ಬಾಗಿ ನಿಂತು, ಆಮೇಲೆ ಧುಮುಕಿ, ನಮ್ಮ ಹಿತ್ತಲಿಗೆ ಇಳಿದು, ಗಂಗಮಾಳಿಯ ಎರಡೂ ಪಾದಗಳ ನಡುವೆ ಹರಿಯಿತು. ಅವಳು ಎದ್ದು ನಿಂತಳು. ಮೊದಲು ನೀರು ನೋಡಿದಳು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಗುದ್ದಲಿಯನ್ನು ಬೆನ್ನ ಹಿಂದೆ ಮರೆಮಾಡಿದೆ, ಕಳ್ಳತನ ಹೊಸದಲ್ಲವೇ.

"ಏಯ್! ಏಯ್ ಏನೋ ಅದು!"

ತಲೂನಿ ಹಿತ್ತಲಿಗೆ ಬಂದಿದ್ದಳು. ನೀರು ಬಾರದ ತನ್ನ ಮಡಿಯನ್ನು ನೋಡಿ, ಒಡೆದ ಬದುವನ್ನು ನೋಡಿ, ಮುಖ ಕೆಂಡವಾಯಿತು. "ನಿನ್ನೆ ನೀನೇ ಹಂಚಿ, ಇವತ್ತು ನೀನೇ ನುಂಗ್ತೀಯಾ? ಮುಚ್ಚು ಮೊದಲು! ತಿರುಗಿಸು ಈ ಕಡೆ!"

ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ತುಟಿ ತೆರೆದೂ ಆಗಿತ್ತು. ಕೆಳಗೆ ಗಂಗಮಾಳಿ ಬಗ್ಗಿ, ಎರಡೂ ಕೈಯನ್ನು ಮೊಣಕೈವರೆಗೆ ನೀರಿಗೆ ಬಿಟ್ಟು, ಸುಮ್ಮನೆ ಆಡಿಸುತ್ತಿದ್ದಳು.

"ತಿರುಗಿಸಲ್ಲ. ನನ್ನ ಹೆಂಡ್ತಿ ಮಡಿಗೆ ಬೇಕು. ಏನೀಗ?" ಎಂದೆ.

"ಏನೀಗ ಅಂತೀಯಾ? ನೀರುಗಳ್ಳ! ಬಾತುಕೋಳಿ ಕಾಲಿನ ನೀರುಗಳ್ಳ!"

"ಹ್ಞೂಂ, ಕಳ್ಳನೇ! ನಾಳೆನೂ ಕದೀತೀನಿ!" ಜೀವಮಾನದಲ್ಲಿ ಮೊದಲ ಸಲ ನನಗೂ ಸಿಟ್ಟು ನೆತ್ತಿಗೇರಿತ್ತು.

ಅವಳು ಒಂದು ಕೋಸು ಕಿತ್ತು ನನ್ನ ಮೇಲೆ ಎಸೆದಳು. ಗುರಿ ಚೆನ್ನಾಗಿತ್ತು. ನಾನು ಗುದ್ದಲಿ ಬಿಟ್ಟು ಕೆಳಗೆ ಓಡಿ, ಗಂಗಮಾಳಿಯ ಕೈ ಹಿಡಿದು ಎಳೆದುಕೊಂಡು ಮನೆಯೊಳಗೆ ನುಗ್ಗಿದೆ. ಒಳಗೆ ಮೊಸಾಯ ಸ್ಟೂಲಿನ ಮೇಲೆ ಕೂತಿದ್ದ. ಬಾಗಿಲು ತೆರೆದಿತ್ತಲ್ಲ, ಬಂದುಬಿಟ್ಟಿದ್ದ. ನಮ್ಮ ಹಿಂದೆ ಬಾಗಿಲು ದಢಾರೆಂದು ಮುಚ್ಚಿಕೊಂಡ ಸದ್ದಿಗೆ ಅವನ ಕೈಯ ಪೆನ್ನು ಕೆಳಗೆ ಬಿತ್ತು. ಮೇಲಿನ ಮನೆಯ ಬಾಗಿಲೂ ಅಷ್ಟೇ ಜೋರಾಗಿ ಮುಚ್ಚಿಕೊಂಡಿತು. ಅವನು ಕಣ್ಣು ಮುಚ್ಚಿ ಎಣಿಸತೊಡಗಿದ. ಹೊರಗೆ ತಲೂನಿ ಎರಡು ಕೈಯಲ್ಲೂ ಬಾಗಿಲು ಬಡಿಯುತ್ತಿದ್ದಳು. ಐವತ್ತು ಆಯಿತು. ಅವಳು ನನ್ನ ವಂಶ ಮುಗಿಸಿ, ನಮ್ಮ ಊರಿನ ಕೆರೆಗೆ ಬಂದಿದ್ದಳು. ಎಂಬತ್ತು. ಚಿಲಕ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ನೂರು" ಎಂದು ಮೊಸಾಯ ಕಣ್ಣು ತೆರೆದು, ಪೆನ್ನು ಹುಡುಕಿಕೊಂಡು, ಕಾಗದದ ಮೇಲೆ ಸಹಿ ಹಾಕಿ ಗಂಗಮಾಳಿಯ ಕೈಗೆ ಕೊಟ್ಟ. ಅವಳ ಕೈ ಒದ್ದೆಯಾಗಿತ್ತು, ಕಾಗದದ ಮೂಲೆ ನೆನೆಯಿತು. ಅವನು ಎದ್ದು ಬಾಗಿಲ ಕಡೆ ಹೋದ. "ಮೇಲಿನ ಮನೆಯದೂ ನೋಡಬೇಕು. ತೆಗೀತೀರಾ?"

ಗಂಗಮಾಳಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಕಾಲು ಎರಡನ್ನೂ ಉದ್ದಕ್ಕೆ ಚಾಚಿದಳು. ಹೊರಗಿನ ಬಡಿತಕ್ಕೆ ಅವಳ ಬೆನ್ನು, ಅವಳ ತುರುಬು, ಕೈಯಲ್ಲಿನ ಕಾಗದ ಎಲ್ಲ ಅದುರುತ್ತಿದ್ದವು.

"ಏನು ಅವಸರ ಸಾಮಿ, ಕೂತ್ಕಳಿ. ಟೀ ಕುಡ್ಕಂಡು ಹೋಗೀರಂತೆ" ಎಂದಳು. "ಆವಮ್ಮ ಇನ್ನೊಂದ್ ಸ್ವಲ್ಪ ಬೈಯ್ಲಿ."